ಮಡಿಕೆ ಒಣಗಿರಲಿ: ಸುಕ್ಕು ಚರ್ಮದ ನಾಯಿ ಸಾಕುವವರಿಗೆ

ಮೈಸೂರಿನಲ್ಲಿ ನಮ್ಮ ಮನೆಯ ಕಾರ್ ಶೆಡ್ಡನ್ನೇ ನಾಯಿ ಗ್ರೂಮಿಂಗ್‌ಗೆ ಬಳಸಿಕೊಂಡಿದ್ದೇನೆ. ಸೊಂಟದೆತ್ತರದ ಒಂದು ಟೇಬಲ್, ಒಂದು ಟಬ್, ಒಂದು ಡ್ರೈಯರ್, ಅಷ್ಟೇ. ಬರುವವುಗಳಲ್ಲಿ ಪಗ್‌ಗಳೇ ಜಾಸ್ತಿ. ಆಮೇಲೆ ಇಂಗ್ಲಿಷ್ ಬುಲ್‌ಡಾಗ್, ಫ್ರೆಂಚ್ ಮ್ಯಾಸ್ಟಿಫ್, ಅಪರೂಪಕ್ಕೊಂದು ಶಾರ್‌ಪೇ. ಮೊದಲ ಸಲ ಬಂದವರು ಕೇಳುವುದು ಒಂದೇ ಪ್ರಶ್ನೆ: "ಇದಕ್ಕೆ ಯಾವ ಶಾಂಪೂ ಒಳ್ಳೇದು?" ನಾನು ತಿರುಗಿ ಕೇಳುತ್ತೇನೆ: "ಮನೇಲಿ ಹಳೇ ಕಾಟನ್ ಬಟ್ಟೆ ಎಷ್ಟಿದೆ?" ತಮಾಷೆಗೆ ಕೇಳುವುದಲ್ಲ. ಸುಕ್ಕು ಚರ್ಮದ ನಾಯಿಯ ಆರೈಕೆಯಲ್ಲಿ ತೊಳೆಯುವುದು ಕಾಲು ಭಾಗ, ಒರೆಸಿ ಒಣಗಿಸುವುದು ಮುಕ್ಕಾಲು ಭಾಗ.

ಕಾರಣ ಸರಳ. ಚರ್ಮ ಚರ್ಮಕ್ಕೆ ಅಂಟಿಕೊಂಡ ಕಡೆ, ಅಂದರೆ ಚರ್ಮದ ಮಡಿಕೆಯೊಳಗೆ, ಗಾಳಿ ಆಡುವುದಿಲ್ಲ. ಕಣ್ಣೀರು, ಜೊಲ್ಲು, ಕುಡಿದ ನೀರು, ತಿಂದ ಅನ್ನದ ಅಗುಳು ಎಲ್ಲ ಅಲ್ಲೇ ಉಳಿಯುತ್ತವೆ. ಮಲಸೇಜಿಯಾ ಅನ್ನುವ ಯೀಸ್ಟ್ ಮತ್ತು ಸ್ಟ್ಯಾಫ್ ಬ್ಯಾಕ್ಟೀರಿಯಾ ನಾಯಿಯ ಚರ್ಮದ ಮೇಲೆ ಯಾವಾಗಲೂ ಇರುವಂಥವೇ. ಒಣಗಿದ ಚರ್ಮದಲ್ಲಿ ತಮ್ಮ ಪಾಡಿಗೆ ತಾವಿರುತ್ತವೆ. ಬೆಚ್ಚಗೆ ಒದ್ದೆಯಾಗಿರುವ ಮಡಿಕೆ ಸಿಕ್ಕರೆ ವಿಪರೀತ ಬೆಳೆಯುತ್ತವೆ. ಮೊದಲು ಚರ್ಮ ಕೆಂಪಾಗುತ್ತದೆ. ಆಮೇಲೆ ಕಂದು ಜಿಡ್ಡು. ಆಮೇಲೆ ಎರಡು ದಿನ ಹೊರಗೇ ಬಿಟ್ಟ ಇಡ್ಲಿ ಹಿಟ್ಟಿನಂಥ ಹುಳಿ ವಾಸನೆ. ಕೊನೆಗೆ ಹುಣ್ಣು. "ನಾಯಿ ವಾಸನೆ ಬರ್ತಿದೆ, ಸ್ನಾನ ಮಾಡಿಸಿ" ಅಂತ ಕರೆದುಕೊಂಡು ಬರುತ್ತಾರಲ್ಲ, ಅದರಲ್ಲಿ ಎಷ್ಟೋ ಸಲ ಮೈ ಚೊಕ್ಕಟವಾಗಿಯೇ ಇರುತ್ತದೆ. ವಾಸನೆ ಬರುತ್ತಿರುವುದು ಮೂಗಿನ ಮೇಲಿನ ಒಂದೇ ಒಂದು ಮಡಿಕೆಯಿಂದ.

ಯಾವ ನಾಯಿ, ಯಾರ ಮನೆಗೆ

ಮೊದಲು ಪಗ್. 2003ರಲ್ಲಿ ಹಚ್ ಮೊಬೈಲ್ ಕಂಪನಿಯ ಜಾಹೀರಾತಿನಲ್ಲಿ ಪುಟ್ಟ ಹುಡುಗನ ಹಿಂದೆ ಹಿಂದೆ ಓಡಿದ ಮೇಲೆ ಈ ನಾಯಿ ನಮ್ಮ ಊರೂರಿಗೂ ಬಂತು. ಕಂಪನಿಯ ಹೆಸರು ಅಲ್ಲಿಂದೀಚೆಗೆ ಎರಡು ಸಲ ಬದಲಾಗಿದೆ, ಆದರೂ ನಮ್ಮ ಬೀದಿಯಲ್ಲಿ ಇವತ್ತಿಗೂ ಇದು "ಹಚ್ ನಾಯಿ"ಯೇ. ಜಾಹೀರಾತಿನಲ್ಲಿ ತೋರಿಸಿದ್ದು ಮಾತ್ರ ಸುಳ್ಳಲ್ಲ. ಪಗ್‌ಗೆ ಮನುಷ್ಯರ ಜೊತೆ ಬೇಕೇ ಬೇಕು. ನಮ್ಮ ಗುಂಡ ಬಾತ್‌ರೂಮ್ ಬಾಗಿಲಿನವರೆಗೂ ಬಂದು ಕಾಯುತ್ತಾನೆ. ಮಕ್ಕಳ ಜೊತೆ, ಬೇರೆ ನಾಯಿಗಳ ಜೊತೆ ಜಗಳ ಕಡಿಮೆ. ಮನೆ ಕಾಯುವ ಕೆಲಸಕ್ಕೆ ನಯಾಪೈಸೆ ಪ್ರಯೋಜನವಿಲ್ಲ, ಕಳ್ಳ ಬಂದರೂ ಬಿಸ್ಕತ್ತು ತಂದಿದ್ದಾನಾ ಅಂತ ನೋಡುವ ಜಾತಿ. ಬೆಳಿಗ್ಗೆ ಒಂಬತ್ತಕ್ಕೆ ಬೀಗ ಹಾಕಿ ರಾತ್ರಿ ಎಂಟಕ್ಕೆ ಬರುವ ಮನೆಗೆ ಪಗ್ ಬೇಡ. ಪಾಪ, ಒಂಟಿಯಾಗಿ ಕೊರಗುತ್ತದೆ.

ಇಂಗ್ಲಿಷ್ ಬುಲ್‌ಡಾಗ್ ನೋಡಲು ಭಯಂಕರ, ಸ್ವಭಾವ ತಣ್ಣಗೆ. ಇಂಗ್ಲೆಂಡಿನಲ್ಲಿ ಹಿಂದೆ ಗೂಳಿಗಳ ಮೇಲೆ ಛೂ ಬಿಡಲು ಬೆಳೆಸಿದ ನಾಯಿ ಇದು. 1835ರಲ್ಲಿ ಅಲ್ಲಿ ಆ ಆಟಕ್ಕೆ ಕಾನೂನಿನ ನಿಷೇಧ ಬಂದ ಮೇಲೆ ಸಾಧು ಸ್ವಭಾವದವನ್ನೇ ಆರಿಸಿ ಮರಿ ಮಾಡಿಸುತ್ತಾ ಬಂದರು. ಈಗ ಉಳಿದಿರುವುದು ಹಟ ಒಂದೇ. ವಾಕಿಂಗ್ ಮಧ್ಯೆ ಕೂತರೆ ಕೂತಿತು, ಎಳೆದರೂ ಏಳುವುದಿಲ್ಲ. ಆದರೆ ಖರ್ಚಿನ ನಾಯಿ. ಉಸಿರಾಟ, ಚರ್ಮ, ಕೀಲು, ಒಂದಲ್ಲ ಒಂದು ತಾಪತ್ರಯ. ಹೆರಿಗೆ ಕೂಡ ಬಹುಪಾಲು ಸಿಸೇರಿಯನ್ನೇ. ತೋಟದ ಮನೆಯವರು ಇನ್ನೊಂದು ಮಾತು ನೆನಪಿಡಿ: ದೊಡ್ಡ ತಲೆ, ಗಿಡ್ಡ ಕಾಲಿನ ಈ ನಾಯಿಗೆ ಈಜು ಬರುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಕೃಷಿ ಹೊಂಡಕ್ಕೆ ಬೇಲಿ ಇರಲಿ.

ಶಾರ್‌ಪೇ ಬೇರೆಯದೇ ಲೋಕ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ರೈತರ ನಾಯಿ. ಮನೆ ಕಾಯಲು, ಬೇಟೆಗೆ, ನಾಯಿ ಕಾಳಗಕ್ಕೆ ಬಳಸುತ್ತಿದ್ದರು. ಕಳೆದ ಶತಮಾನದ ಮಧ್ಯದ ಹೊತ್ತಿಗೆ ತಳಿ ಅಳಿವಿನ ಅಂಚಿಗೆ ಬಂದಿತ್ತು. 1973ರಲ್ಲಿ ಹಾಂಗ್‌ಕಾಂಗ್‌ನ ಮ್ಯಾಟ್ಗೋ ಲಾ ಎಂಬುವರು ಇದನ್ನು ಉಳಿಸಿಕೊಡಿ ಅಂತ ಅಮೆರಿಕದ ನಾಯಿ ಪ್ರಿಯರಿಗೆ ಪತ್ರಿಕೆಯ ಮೂಲಕ ಮನವಿ ಮಾಡಿದರು. ತಳಿ ಉಳಿಯಿತು. ಆದರೆ ಅಲ್ಲಿಯವರಿಗೆ ಸುಕ್ಕು ಹಿಡಿಸಿಬಿಟ್ಟಿತು. ಮೂಲದಲ್ಲಿ ಅಷ್ಟೊಂದು ಮಡಿಕೆ ಇರಲಿಲ್ಲ, ಮೂತಿಯೂ ಅಷ್ಟು ದಪ್ಪ ಇರಲಿಲ್ಲ. ಸುಕ್ಕು ಜಾಸ್ತಿ ಇದ್ದವನ್ನೇ ಆರಿಸಿ ಆರಿಸಿ ಇವತ್ತಿನ ರೂಪ ಬಂದಿದೆ. ಈ ನಾಯಿಯ ಚರ್ಮದಲ್ಲಿ ಹಯಲುರಾನಿಕ್ ಆಸಿಡ್ ಮಿತಿಮೀರಿ ತಯಾರಾಗುತ್ತದೆ. ಹೌದು, ಮುಖದ ಸುಕ್ಕು ಹೋಗಲಿ ಅಂತ ನಾವು ದುಡ್ಡು ಕೊಟ್ಟು ತರುವ ಸೀರಮ್‌ನಲ್ಲಿ ಇರುತ್ತದಲ್ಲ, ಅದೇ!

ಶಾರ್‌ಪೇ ಎಲ್ಲರ ಹತ್ತಿರ ಮುದ್ದು ಮಾಡಿಸಿಕೊಳ್ಳುವುದಿಲ್ಲ. ಮನೆಯವರಿಗೆ ಪ್ರಾಣ ಕೊಡುತ್ತದೆ, ಹೊರಗಿನವರನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಬೇರೆ ನಾಯಿಗಳ ಸಹವಾಸ ಹಲವಕ್ಕೆ ಆಗುವುದಿಲ್ಲ. ಒಳಗೆ ಕೂತ ಕಣ್ಣು, ಮೇಲೆ ಜೋತ ಚರ್ಮ, ಹಾಗಾಗಿ ಪಕ್ಕದಿಂದ ಬರುವುದು ಸರಿಯಾಗಿ ಕಾಣಿಸುವುದಿಲ್ಲ. ಹಿಂದಿನಿಂದ ಬಂದು ಫಕ್ಕನೆ ಮುಟ್ಟಿದರೆ ಬೆಚ್ಚಿ ಬಾಯಿ ಹಾಕಬಹುದು. ನನ್ನ ಟೇಬಲ್ ಮೇಲೆ ಶಾರ್‌ಪೇ ಇದ್ದರೆ ನಾನು ಎದುರಿಗೆ ನಿಂತು, ಮೊದಲು ಹೆಸರು ಹಿಡಿದು ಮಾತಾಡಿಸಿ, ಆಮೇಲೆ ಕೈ ಇಡುವುದು. ಇನ್ನೊಂದು ಕಷ್ಟ: ಮುಖ ತುಂಬ ಸುಕ್ಕಿರುವುದರಿಂದ ಸಿಟ್ಟು ಬಂದಿದೆಯೋ ಹೆದರಿದೆಯೋ ಗೊತ್ತಾಗುವುದಿಲ್ಲ. ಬಾಲ ಮತ್ತು ಮೈ ಬಿಗಿತ ನೋಡಿ ಅಂದಾಜು ಮಾಡಬೇಕು. ಚಿಕ್ಕ ಮಕ್ಕಳು ಓಡಾಡುವ, ನೆಂಟರಿಷ್ಟರು ಬಂದು ಹೋಗುವ ಮನೆಗೆ ನಾನು ಇದನ್ನು ಹೇಳುವುದಿಲ್ಲ. ಗಂಡ ಹೆಂಡತಿ ಇಬ್ಬರೇ ಇರುವ, ಶಾಂತವಾದ ಮನೆಯಲ್ಲಿ ಇದರಷ್ಟು ಗಂಭೀರ, ಚೊಕ್ಕಟ ನಾಯಿ ಇನ್ನೊಂದಿಲ್ಲ.

ಫ್ರೆಂಚ್ ಮ್ಯಾಸ್ಟಿಫ್, ನಿಯಾಪೊಲಿಟನ್ ಮ್ಯಾಸ್ಟಿಫ್ ಅಂದರೆ 50 ಕಿಲೋ ಆಚೆಗಿನ ಮಾತು. ಮನೆಯವರೊಂದಿಗೆ ಮೃದು, ಅಪರಿಚಿತರೊಂದಿಗೆ ಬಿಗಿ. ಜೊಲ್ಲು ಗೋಡೆಗೂ ಹಾರುತ್ತದೆ, ಸುಣ್ಣ ಬಣ್ಣದ ಆಸೆ ಬಿಡಿ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಅಪಾಯಕಾರಿ ಅಂತ ಹೇಳಿ ನಿಷೇಧಿಸಲು ಹೊರಟ ತಳಿಗಳ ಪಟ್ಟಿಯಲ್ಲಿ ಮ್ಯಾಸ್ಟಿಫ್‌ಗಳೂ ಇದ್ದವು. ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟ್ ಆ ಸುತ್ತೋಲೆಯನ್ನು ರದ್ದು ಮಾಡಿತು. ಕಾನೂನು ಬಿಡಿ, ಇಷ್ಟು ಭಾರದ ನಾಯಿಗೆ ಮರಿಯಿಂದಲೇ ತರಬೇತಿ ಕೊಡದಿದ್ದರೆ ಆಮೇಲೆ ಹಿಡಿಯಲು ನಿಮ್ಮ ಕೈಲಿ ಆಗುವುದಿಲ್ಲ. ಬ್ಯಾಸೆಟ್ ಹೌಂಡ್, ಬ್ಲಡ್‌ಹೌಂಡ್ ಪಾಪದವು. ಅವುಗಳ ತೊಂದರೆ ಜೋತ ಕಿವಿಯಲ್ಲಿ, ಮೂಗು ಎಳೆದ ಕಡೆಗೆಲ್ಲ ಹೋಗುವ ಚಾಳಿಯಲ್ಲಿ.

ಒಂದು ಮಾತು ಸೇರಿಸುತ್ತೇನೆ. ರಾಯಚೂರು, ಕಲಬುರಗಿ, ವಿಜಯಪುರ ಕಡೆಯವರು ಫೋನ್ ಮಾಡಿ "ಬುಲ್‌ಡಾಗ್ ತರೋಣ ಅಂತಿದ್ದೀವಿ" ಅಂದರೆ, ದಿನವಿಡೀ ಏಸಿ ಹಾಕುವ ಶಕ್ತಿ ಇದೆಯಾ ಅಂತ ಕೇಳುತ್ತೇನೆ. ಇಲ್ಲ ಅಂದರೆ ನಮ್ಮ ಮುಧೋಳ ನಾಯಿ ಇದೆಯಲ್ಲ! ಉದ್ದ ಮೂತಿ, ಬಿಗಿ ಚರ್ಮ, ಮೈಯಲ್ಲಿ ಒಂದು ಮಡಿಕೆ ಇಲ್ಲ. ಆ ಬಿಸಿಲಿನಲ್ಲೇ ಹುಟ್ಟಿ ಬೆಳೆದ ತಳಿ. ಓಡಲು ಜಾಗ ಮಾತ್ರ ಬೇಕು.

ಮಡಿಕೆ ಒರೆಸುವ ಕ್ರಮ

ಹೊತ್ತು ರಾತ್ರಿ ಊಟವಾದ ಮೇಲೆ. ತಿಂದು ಕುಡಿದ ಒದ್ದೆಯೆಲ್ಲ ಆಗ ಮುಖದಲ್ಲೇ ಇರುತ್ತದೆ. ಬೇಕಾಗಿರುವುದು ಗಾಯಕ್ಕೆ ಕಟ್ಟುವ ಗಾಜ್ ಬಟ್ಟೆ ಅಥವಾ ತೊಳೆದು ಮೆತ್ತಗಾದ ಹಳೇ ಕಾಟನ್ ಸೀರೆ, ಪಂಚೆಯ ತುಂಡು. ಹತ್ತಿ ಉಂಡೆ ಬೇಡ, ಎಳೆ ಒಳಗೇ ಉಳಿದು ಕಣ್ಣಿಗೆ ಸೇರುತ್ತದೆ. ನೀರು ಕುದಿಸಿ ಆರಿಸಿದ್ದು ಸಾಕು, ಇಲ್ಲವೇ ಮೆಡಿಕಲ್ ಶಾಪ್‌ನ ಸಲೈನ್.

ಪಗ್‌ಗೆ ಎದುರಿನಿಂದ ಮುಖಕ್ಕೆ ಕೈ ಹಾಕಿದರೆ ಹಿಂದೆ ಹಿಂದೆ ಸರಿಯುತ್ತದೆ. ನೀವು ನೆಲದ ಮೇಲೆ ಕೂತು, ನಾಯಿಯ ಬೆನ್ನು ನಿಮ್ಮ ಹೊಟ್ಟೆಗೆ ತಾಗುವ ಹಾಗೆ ತೊಡೆಗಳ ಮಧ್ಯೆ ಕೂರಿಸಿಕೊಳ್ಳಿ. ಇಬ್ಬರೂ ಒಂದೇ ಕಡೆ ನೋಡುತ್ತಿರಬೇಕು. ಎಡಗೈ ಗದ್ದದ ಕೆಳಗೆ. ಎಡ ಹೆಬ್ಬೆರಳಿನಿಂದ ಮೂಗಿನ ಮೇಲಿನ ಮಡಿಕೆಯನ್ನು ಹಣೆಯ ಕಡೆಗೆ ಮೆಲ್ಲಗೆ ಎತ್ತಿ. ಬಲಗೈ ತೋರುಬೆರಳಿಗೆ ಒದ್ದೆ ಗಾಜ್ ಸುತ್ತಿ, ಹಿಂಡಿ, ಮಡಿಕೆಯ ನಡುವಿನಿಂದ ಕೆನ್ನೆಯ ಕಡೆಗೆ ಒಂದೇ ಸಲ ಎಳೆಯಿರಿ. ಹಿಂದೆ ಮುಂದೆ ಉಜ್ಜಬೇಡಿ. ಗಾಜ್‌ನ ಚೊಕ್ಕಟ ಭಾಗ ತಿರುಗಿಸಿಕೊಂಡು ಇನ್ನೊಂದು ಕೆನ್ನೆಯ ಕಡೆಗೆ. ಈಗ ಗಾಜ್ ನೋಡಿ. ತೆಳು ಕಂದು ಬಣ್ಣ ಮಾಮೂಲು. ಹಳದಿ, ರಕ್ತದ ಗೆರೆ, ಮೂಗು ಮುಚ್ಚುವ ವಾಸನೆ ಇದ್ದರೆ ಡಾಕ್ಟರ ಹತ್ತಿರ ಹೋಗಿ.

ಎಲ್ಲರೂ ಇಲ್ಲಿಗೇ ನಿಲ್ಲಿಸುತ್ತಾರೆ. ಅಸಲು ಕೆಲಸ ಇನ್ನು ಮೇಲಿದೆ. ಒಣ ಗಾಜ್ ತಗೊಂಡು ಅದೇ ದಾರಿಯಲ್ಲಿ ಒತ್ತಿ ಒತ್ತಿ ತೇವ ತೆಗೆಯಿರಿ. ಆಮೇಲೂ ಮಡಿಕೆ ಬಿಡಬೇಡಿ, ಎತ್ತಿ ಹಿಡಿದೇ ಇರಿ. ಬೆಳಕಿಗೆ ತಿರುಗಿಸಿ ನೋಡಿದರೆ ಒಳಗಿನ ಚರ್ಮ ಸಣ್ಣಗೆ ಹೊಳೆಯುತ್ತಿರುತ್ತದೆ. ಆ ಹೊಳಪು ಹೋಗಿ ಚರ್ಮ ಮಂಕಾದಾಗ ಬಿಡಿ. ಅಲ್ಲಿಗೆ ಒಣಗಿದೆ ಅಂತ. ಹೊಳಪು ಇರುವಾಗಲೇ ಬಿಟ್ಟರೆ ನೀವೇ ನೀರು ತುಂಬಿ ಮುಚ್ಚಳ ಹಾಕಿದ ಲೆಕ್ಕ, ಒರೆಸದೇ ಇದ್ದಿದ್ದರೇ ವಾಸಿ. ಮುಗಿದ ಕೂಡಲೇ ಒಂದು ಚೂರು ಕ್ಯಾರೆಟ್ ಕೊಡಿ. ಮರಿಯಿದ್ದಾಗಿಂದ ಹೀಗೆ ಮಾಡಿದರೆ ಬಟ್ಟೆ ನೋಡಿದ ಕೂಡಲೇ ತಾನೇ ಬಂದು ಕೂರುತ್ತದೆ.

ಪಗ್, ಬುಲ್‌ಡಾಗ್‌ಗಳ ಮೂಗಿನ ಮಡಿಕೆಗೆ ಇದು ದಿನವೂ ಆಗಬೇಕು. ಮ್ಯಾಸ್ಟಿಫ್‌ಗಳಿಗೆ ತುಟಿಯ ಮಡಿಕೆ, ಪ್ರತಿ ಊಟದ ನಂತರ. ಶಾರ್‌ಪೇಗೆ ಇಷ್ಟು ಬೇಡ. ಅದರ ಮೈ ಮಡಿಕೆಗಳು ಅಗಲ, ಸಾಮಾನ್ಯವಾಗಿ ಒಣಗಿಯೇ ಇರುತ್ತವೆ. ವಾರಕ್ಕೆ ಒಂದೆರಡು ಸಲ ಬೆರಳಾಡಿಸಿ ನೋಡಿದರೆ ಸಾಕು. ಸುಮ್ನೆ ದಿನಾ ಉಜ್ಜಿದರೆ ಅದರ ಮುಳ್ಳು ಕೂದಲು ಚರ್ಮಕ್ಕೇ ಚುಚ್ಚಿ ಉರಿ ಏಳುತ್ತದೆ.

ಬುಲ್‌ಡಾಗ್ ಸಾಕಿದವರಲ್ಲಿ ಬಹಳ ಜನರಿಗೆ ಬಾಲದ ಕೆಳಗಿನ ಗೂಡು ಗೊತ್ತೇ ಇರುವುದಿಲ್ಲ. ಸುರುಳಿ ಬಾಲ ಎತ್ತಿದರೆ ಬುಡದಲ್ಲಿ ಒಂದು ಬೆರಳು ಹೋಗುವಷ್ಟು ಗುಳಿ ಇರುತ್ತದೆ, ಕೆಲವಕ್ಕೆ ಆಳ ಜಾಸ್ತಿ. ನಾಯಿ ಹಿಂಭಾಗವನ್ನು ಗೋಡೆಗೆ, ಸೋಫಾಗೆ ಉಜ್ಜುತ್ತಿದ್ದರೆ ಹುಳ ಅಂತ ಮಾತ್ರೆ ಹಾಕುವ ಮೊದಲು ಅಲ್ಲಿ ನೋಡಿ. ಅದನ್ನೂ ಹೀಗೇ ಒರೆಸಿ ಒಣಗಿಸಬೇಕು. ತುಂಬ ಆಳ ಇದ್ದು ಪದೇಪದೇ ಕೀವು ಆಗುತ್ತಿದ್ದರೆ ಆಪರೇಷನ್ ಮಾಡಿಸಬೇಕಾಗುತ್ತದೆ.

ಇನ್ನು ಮನೆಮದ್ದು. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಪೌಡರ್ ಹಾಕಿದರೆ ತೇವಕ್ಕೆ ಉಂಡೆ ಕಟ್ಟಿ ಮಡಿಕೆಯೊಳಗೆ ಉಜ್ಜುತ್ತದೆ. ಕೊಬ್ಬರಿ ಎಣ್ಣೆ ತೇವವನ್ನು ಒಳಗೇ ಹಿಡಿದಿಡುತ್ತದೆ. ಅರಿಶಿನ ಹಚ್ಚಿದರೆ ಚರ್ಮ ಕೆಂಪಾಗಿದೆಯೋ ಇಲ್ಲವೋ ಅಂತಲೇ ಕಾಣುವುದಿಲ್ಲ. ಕ್ಯಾಲಮೈನ್ ಲೋಷನ್‌ನಲ್ಲಿ, ಮಕ್ಕಳ ರ‍್ಯಾಷ್ ಕ್ರೀಮ್‌ಗಳಲ್ಲಿ ಜಿಂಕ್ ಆಕ್ಸೈಡ್ ಇರುತ್ತದೆ. ನಾಯಿ ನಾಲಿಗೆ ಮೂಗಿನವರೆಗೂ ಹೋಗುತ್ತದೆ ಅಲ್ವಾ? ನೆಕ್ಕಿ ನೆಕ್ಕಿ ಹೊಟ್ಟೆಗೆ ಹೋದರೆ ವಿಷ. ಟೀ ಟ್ರೀ ಎಣ್ಣೆಯೂ ನಾಯಿಗೆ ವಿಷವೇ. ಮೆಡಿಕಲ್ ಶಾಪ್‌ನಲ್ಲಿ ಕೇಳಿ ತರುವ ಫಂಗಸ್ ಕ್ರೀಮ್‌ಗಳಲ್ಲಿ ಹಲವಕ್ಕೆ ಸ್ಟೀರಾಯ್ಡ್ ಬೆರೆತಿರುತ್ತದೆ. ಎರಡು ದಿನ ಕೆಂಪು ಇಳಿದ ಹಾಗೆ ಕಾಣುತ್ತದೆ, ಬಿಟ್ಟ ಮೇಲೆ ಮೊದಲಿಗಿಂತ ಜಾಸ್ತಿಯಾಗಿ ಬರುತ್ತದೆ. ಡಾಕ್ಟರು ಕ್ಲೋರ್‌ಹೆಕ್ಸಿಡಿನ್ ಅನ್ನುವ ಕ್ರಿಮಿನಾಶಕದ ವೈಪ್ಸ್ ಬರೆದುಕೊಟ್ಟರೆ ಬಳಸಿ, ಆದರೆ ಕಣ್ಣಿಗೆ ತಾಗಬಾರದು. ಅದು ಕಣ್ಣಿನ ಗುಡ್ಡೆಗೆ ಹಾನಿ ಮಾಡುತ್ತದೆ.

ಸ್ನಾನ ಮೂರು ನಾಲ್ಕು ವಾರಕ್ಕೊಮ್ಮೆ ಸಾಕು. ಔಷಧಿ ಶಾಂಪೂ ಆದರೆ ಹಚ್ಚಿ 10 ನಿಮಿಷ ಬಿಡಬೇಕು, ಹಚ್ಚಿದ ಕೂಡಲೇ ತೊಳೆದರೆ ದುಡ್ಡು ಚರಂಡಿಗೆ. ಡ್ರೈಯರ್ ತಣ್ಣನೆ ಗಾಳಿಯಲ್ಲಿರಲಿ. ಮಲೆನಾಡು, ಕರಾವಳಿಯವರಿಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ನಾನಕ್ಕಿಂತ ಒಣಗಿಸುವ ಕೆಲಸವೇ ದೊಡ್ಡದು. ವಾಕಿಂಗ್‌ನಿಂದ ಬಂದ ಕೂಡಲೇ ಕಾಲ್ಬೆರಳ ಸಂದು, ಕಂಕುಳು, ಕತ್ತಿನ ಮಡಿಕೆ ಒರೆಸಿ. ಅದೇ ಜಾಗಗಳಲ್ಲಿ, ಕಿವಿಯೊಳಗೆ ಕೂಡ, ರಕ್ತ ಹೀರುವ ಉಣ್ಣೆ ಹುಳಗಳು ಅಡಗಿರುತ್ತವೆ. ಬಿಗಿ ಚರ್ಮದ ನಾಯಿಯಲ್ಲಿ ಕಣ್ಣಿಗೆ ಬೀಳುತ್ತವೆ, ಇವುಗಳಲ್ಲಿ ಬೆರಳಿಗೇ ಸಿಗಬೇಕು. ನಮ್ಮ ಕಡೆ ಉಣ್ಣೆ ಜ್ವರಕ್ಕೆ ನಾಯಿಗಳು ಸಾಯುತ್ತವೆ, ಆದ್ದರಿಂದ ಡಾಕ್ಟರು ಹೇಳಿದ ಉಣ್ಣೆ ಔಷಧಿ ತಪ್ಪಿಸಬೇಡಿ.

ಕಣ್ಣು, ಉಸಿರು, ಬಿಸಿಲು

ಪಗ್‌ನ ಕಣ್ಣು ಹೊರಗೆ ಉಬ್ಬಿರುತ್ತದೆ, ಮೂಗಿನ ಮಡಿಕೆಯ ಕೂದಲು ಅದಕ್ಕೆ ಉಜ್ಜುತ್ತದೆ. ಶಾರ್‌ಪೇಗೆ ರೆಪ್ಪೆಯೇ ಒಳಕ್ಕೆ ಮಡಚಿಕೊಂಡು ಚುಚ್ಚುತ್ತದೆ. ಮರಿಗಳಿಗೆ ಡಾಕ್ಟರು ರೆಪ್ಪೆಗೆ ತಾತ್ಕಾಲಿಕ ಹೊಲಿಗೆ ಹಾಕಿ ಸರಿ ಮಾಡುವುದುಂಟು. ಒಂದು ಕಣ್ಣು ಅರ್ಧ ಮುಚ್ಚಿದ್ದರೆ, ನೀರು ಸುರಿಯುತ್ತಿದ್ದರೆ, ಗುಡ್ಡೆಯ ಮೇಲೆ ನೀಲಿ ಮಬ್ಬು ಕಂಡರೆ ನಾಳೆಗೆ ಬಿಡಬೇಡಿ. ಹುಣ್ಣು ಒಂದೆರಡು ದಿನದಲ್ಲೇ ಆಳಕ್ಕೆ ಇಳಿಯಬಹುದು. ಮನೆಯಲ್ಲಿ ಉಳಿದ ಯಾವುದೋ ಡ್ರಾಪ್ಸ್ ಹಾಕಬೇಡಿ, ಸ್ಟೀರಾಯ್ಡ್ ಇದ್ದರೆ ಕಣ್ಣೇ ಹೋಗಬಹುದು. ಪಗ್‌ಗೆ ಕತ್ತಿನ ಬೆಲ್ಟ್ ಬದಲು ಎದೆಗೆ ಹಾಕುವ ಹಾರ್ನೆಸ್ ಬಳಸಿ. ಕತ್ತು ಬಿಗಿದರೆ ಉಸಿರಿಗೂ ಕಷ್ಟ, ಕಣ್ಣಿಗೂ ಒತ್ತಡ.

ನಾಯಿ ಮೈ ಬೆವರಿ ತಣ್ಣಗಾಗುವುದಿಲ್ಲ, ತೇಕಿ ತಣ್ಣಗಾಗುತ್ತದೆ. ಮೂತಿಯೇ ಚಪ್ಪಟೆಯಾದರೆ ತೇಕಿಯೂ ಪ್ರಯೋಜನ ಕಡಿಮೆ. ಮಾರ್ಚ್‌ನಿಂದ ಮೇವರೆಗೆ ವಾಕಿಂಗ್ ಬೆಳಿಗ್ಗೆ ಏಳರೊಳಗೆ ಮುಗಿಸಿ. ಸಂಜೆ ಹೊರಡುವ ಮುಂಚೆ ಅಂಗೈ ಹಿಂಭಾಗವನ್ನು ರಸ್ತೆಗೆ ಇಟ್ಟು ನೋಡಿ, ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ.

ನಾಯಿಯ ಮಾಮೂಲು ಮೈಬಿಸಿ ಹೆಚ್ಚು ಕಡಿಮೆ 38ರಿಂದ 39 ಡಿಗ್ರಿ ಸೆಲ್ಸಿಯಸ್. ಗೊರಗೊರ ಸದ್ದು ಜೋರಾಗಿ, ನಾಲಿಗೆ ಕಡುಕೆಂಪಾಗಿ ಅಥವಾ ನೀಲಿಗೆ ತಿರುಗಿ, ಗಟ್ಟಿ ಜೊಲ್ಲು ಸುರಿಸುತ್ತಾ ತೂರಾಡಿದರೆ ಬಿಸಿಲು ಹೊಡೆದಿದೆ ಅಂತ ಅರ್ಥ. ಕೂಡಲೇ ನೆರಳಿಗೆ ತಂದು ನಲ್ಲಿ ನೀರು ಮೈಗೆ, ಹೊಟ್ಟೆಗೆ, ತೊಡೆ ಸಂದಿಗೆ ಸುರಿದು ಫ್ಯಾನ್ ಹಾಕಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಕೂಡಿಡುತ್ತದೆ. ಬಾಯಿಗೆ ನೀರು ಬಲವಂತವಾಗಿ ಹಾಕಬೇಡಿ. ಮೊದಲು ತಂಪು ಮಾಡಿ, ಆಮೇಲೆ ಆಸ್ಪತ್ರೆಗೆ ಹೊರಡಿ. ದಾರಿಯಲ್ಲೂ ಏಸಿ ಅಥವಾ ಕಿಟಕಿ ಗಾಳಿ ಇರಲಿ.

ಊಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪಗ್ 6ರಿಂದ 8 ಕಿಲೋ ಇರಬೇಕು. ನನ್ನ ಟೇಬಲ್ ಹತ್ತುವ ಎಷ್ಟೋ ಪಗ್‌ಗಳು ಅದರ ಒಂದೂವರೆ ಪಟ್ಟು. ಪಕ್ಕೆಲುಬು ಕೈಗೆ ಸಿಗಬೇಕು, ಮೇಲಿಂದ ನೋಡಿದರೆ ಸೊಂಟ ಕಾಣಬೇಕು. ಬೊಜ್ಜು ಬಂದಷ್ಟೂ ಮಡಿಕೆ ಆಳ, ಉಸಿರು ಕಷ್ಟ. ಅಜ್ಜಿ ತಾತ ಪ್ರೀತಿಯಿಂದ ಹಾಕುವ ತುಪ್ಪದ ಹೋಳಿಗೆ ನಿಲ್ಲಿಸಿ. ಪಾಯಸ, ಕೇಸರಿಬಾತಿನ ದ್ರಾಕ್ಷಿಯಂತೂ ಬೇಡವೇ ಬೇಡ, ಒಣದ್ರಾಕ್ಷಿ ನಾಯಿಯ ಕಿಡ್ನಿ ಕೆಡಿಸುತ್ತದೆ.

ಕಿಡ್ನಿ ಅಂದಾಗ ಶಾರ್‌ಪೇಯ ಇನ್ನೊಂದು ವಿಷಯ. ಈ ತಳಿಯಲ್ಲಿ ವಂಶದಿಂದ ಬರುವ ಒಂದು ಜ್ವರ ಇದೆ. ಇದ್ದಕ್ಕಿದ್ದಂತೆ ಮೈ ಸುಡುತ್ತದೆ, ಹಿಂಗಾಲಿನ ಗಂಟು ಊದುತ್ತದೆ, ಒಂದೆರಡು ದಿನದಲ್ಲಿ ತಾನೇ ಇಳಿಯುತ್ತದೆ. ಇಳಿಯಿತಲ್ಲ ಅಂತ ಸುಮ್ಮನಾಗಬಾರದು. ಅದು ಪದೇಪದೇ ಬಂದರೆ ಕಿಡ್ನಿಯಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಸೇರಿಕೊಂಡು ಕಿಡ್ನಿ ಕೈಕೊಡುತ್ತದೆ. ಪ್ಯಾರಸಿಟಮಾಲ್, ಐಬುಪ್ರೊಫೆನ್ ಅಂತ ಮನುಷ್ಯರ ಮಾತ್ರೆ ಕೊಡಬೇಡಿ. ಜ್ವರ ಬಂದ ದಿನ ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸಿ.

ಮರಿ ತರುವಾಗ

ಫೋಟೋ ನೋಡಿ ದುಡ್ಡು ಕಳಿಸಬೇಡಿ. 2017ರ ಕೇಂದ್ರ ನಿಯಮದ ಪ್ರಕಾರ ಎಂಟು ವಾರ ತುಂಬದ ಮರಿ ಮಾರುವಂತಿಲ್ಲ, ಮರಿ ಮಾಡಿಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. ಆ ಕಾಗದ ಕೇಳಿ. ಮರಿಯ ಮೂಗಿನ ಹೊಳ್ಳೆ ದುಂಡಗೆ ತೆರೆದಿರಬೇಕು, ಬರೀ ಗೀರು ಹಾಕಿದ ಹಾಗಿದ್ದರೆ ಆ ಮರಿ ಬೇಡ. ನೆದರ್ಲೆಂಡ್ಸ್‌ನಲ್ಲಿ ಮೂತಿ ತೀರಾ ಗಿಡ್ಡವಿರುವ ನಾಯಿಗಳಿಂದ ಮರಿ ಮಾಡಿಸುವುದಕ್ಕೇ ನಿರ್ಬಂಧವಿದೆ. ನಮ್ಮಲ್ಲಿ ಅಂಥದ್ದಿಲ್ಲ, ಹಾಗಾಗಿ ನೋಡುವ ಕೆಲಸ ಕೊಳ್ಳುವವರದೇ. ಸುಕ್ಕು ಅತಿ ಜಾಸ್ತಿ ಇರುವ ಮರಿಗೆ ಹೆಚ್ಚು ರೇಟು ಹೇಳುತ್ತಾರೆ. ನಾನು ಹೇಳುವುದು, ಇರುವುದರಲ್ಲಿ ಸುಕ್ಕು ಕಡಿಮೆ ಇರುವುದನ್ನೇ ಆರಿಸಿ.

ತಾಯಿ ನಾಯಿಯನ್ನು ಕಡ್ಡಾಯವಾಗಿ ನೋಡಿ. ಅಂಗಳದಲ್ಲಿ ಸ್ವಲ್ಪ ಓಡಾಡಿಸಲು ಹೇಳಿ, ಆಮೇಲೆ ಅದರ ಉಸಿರಿನ ಸದ್ದು ಕೇಳಿ. ಕಣ್ಣು ನೋಡಿ. ಮೂಗಿನ ಮಡಿಕೆ ಎತ್ತಿ ಮೂಸಿ. "ತಾಯಿ ಬೇರೆ ಊರಲ್ಲಿದೆ" ಅಂದರೆ ಅಲ್ಲಿಂದ ಎದ್ದು ಬನ್ನಿ.